ಕುಂತ ಗಾಡಿ ಎಬ್ಬಿಸುವ ಬಸ್ಸಮ್ಮ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಬೆಳಗಿನ ಐದೂವರೆಗೆ ಹಾಲಿನ ಗಾಡಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ರಸ್ತೆ ಬದಿಯ ತಗಡಿನ ಪಂಕ್ಚರ್ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ, ಕಪ್ಪು ಬಣ್ಣದ ದೊಡ್ಡ ಕಾರೊಂದು ನಿಂತಿದೆ. ಹೊಸದಿದ್ದಾಗ ಎಂಬತ್ತು ಲಕ್ಷ ರೂಪಾಯಿ ಬೆಲೆಯಿದ್ದ ಐಷಾರಾಮಿ ಎಸ್‌ಯುವಿ ಅದು. ಈಗ ಹನ್ನೆರಡು ವರ್ಷ ಹಳೆಯದು. ಅದರ ನಾಲ್ಕು ಟೈರುಗಳ ಕೆಳಗೆ ನಾಲ್ಕು ಶಹಾಬಾದ್ ಕಲ್ಲಿನ ಹಾಸು. ಅಂಗಡಿಯೊಳಗಿಂದ ಟಾರ್ಚು ಹಿಡಿದು ಬಂದ ಬಸ್ಸಮ್ಮ ಹಿಂದಿನ ಎಡಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಗೇಣು ಹಾಕಿ ಅಳೆಯುತ್ತಾರೆ. ಎರಡು ಗೇಣು, ಮೇಲೆ ಮೂರು ಬೆರಳು. ನಿನ್ನೆ ಸಂಜೆಯೂ ಅಷ್ಟೇ ಇತ್ತು.

ಹಿಂದಿನ ಬಲಚಕ್ರ ಅಷ್ಟೇ. ಮುಂದಿನ ಎಡದ್ದೂ ಅಷ್ಟೇ. ಮುಂದಿನ ಬಲಚಕ್ರದ ಹತ್ತಿರ ಬಂದಾಗ ಮಾತ್ರ ಅವರು ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಳ್ಳುತ್ತಾರೆ. ನಿನ್ನೆ ರಿಪೇರಿಯಾದದ್ದು ಅದೇ ಮೂಲೆ. ಗೇಣು, ಮತ್ತೊಂದು ಗೇಣು, ಒಂದು, ಎರಡು, ಮೂರು ಬೆರಳು. ನಾಲ್ಕೂ ಮೂಲೆ ರಾತ್ರಿಯಿಡೀ ಒಂದೇ ಮಟ್ಟದಲ್ಲಿ ನಿಂತಿವೆ. ಒಳಗಿನಿಂದ ಗಂಡ ಮೌನಪ್ಪ ಏನಾಯಿತೆಂದು ಕೇಳುತ್ತಾರೆ.

“ನಿಂತದ,” ಎನ್ನುತ್ತಾರೆ ಬಸ್ಸಮ್ಮ. ಆದರೆ ಮುಖದ ಮೇಲೆ ನಗು ಇಲ್ಲ. “ಸಾವಕಾರ್ರು ಬಂದು ಅಳೀಲಿ. ಆಮ್ಯಾಗ ನೋಡೂಣು.”

ಸಾವಕಾರರೆಂದರೆ ಶಹಾಪುರದ ಅಡತಿ ವ್ಯಾಪಾರಿ ಸಂಗಣ್ಣ, ಈ ಕಾರಿನ ಮಾಲೀಕರು. ಹತ್ತು ತಿಂಗಳಿಂದ ಅವರು ಬಸ್ಸಮ್ಮನವರ ಜೊತೆ ಮಾತಾಡಿಲ್ಲ. ನಿನ್ನೆ ಸಂಜೆ ಕಾರು ತಂದು ನಿಲ್ಲಿಸಿ, ಕೀಲಿಕೈಯನ್ನು ಸ್ಟೂಲಿನ ಮೇಲಿಟ್ಟು, “ನೋಡು” ಎಂಬ ಒಂದೇ ಮಾತು ಹೇಳಿ ಆಟೊ ಹತ್ತಿ ಹೋದರು. ಆ ಒಂದು ಮಾತಿಗಾಗಿ ಬಸ್ಸಮ್ಮ ಹತ್ತು ತಿಂಗಳು ಕಾದಿದ್ದರು.

ಈ ಜಾತಿಯ ಕಾರುಗಳಿಗೆ ಕಬ್ಬಿಣದ ಸ್ಪ್ರಿಂಗ್ ಇರುವುದಿಲ್ಲ. ನಾಲ್ಕು ಚಕ್ರದ ಮೇಲೂ ಒಂದೊಂದು ರಬ್ಬರಿನ ಗಾಳಿ ಚೀಲ, ಅದಕ್ಕೆ ಗಾಳಿ ತುಂಬಲು ಕಾರಿನ ಹೊಟ್ಟೆಯಲ್ಲೇ ಒಂದು ಪಂಪು. ಹೊಸದರಲ್ಲಿ ಕುಳಿತವರಿಗೆ ರಸ್ತೆಯ ಗುಂಡಿಗಳೇ ಗೊತ್ತಾಗುವುದಿಲ್ಲ. ಹತ್ತು ವರ್ಷ ದಾಟಿತೋ, ಎಲ್ಲೋ ಒಂದು ಕಡೆ ಗಾಳಿ ಸೋರತೊಡಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ನೋಡಿದರೆ ಒಂದು ಮೂಲೆಗೆ ಕುಸಿದಿರುತ್ತದೆ. ಈ ಸೀಮೆಯಲ್ಲಿ ಅದಕ್ಕೆ ‘ಗಾಡಿ ಕುಂತದ’ ಎನ್ನುತ್ತಾರೆ. ಕುಂತ ಗಾಡಿಯನ್ನು ಹೈದರಾಬಾದಿಗೆ ಒಯ್ದರೆ ಲಕ್ಷದ ಮಾತು. ಹಾಗೆ ಒಯ್ಯುವ ಮೊದಲು ಯಾದಗಿರಿ, ಶಹಾಪುರ, ಸುರಪುರದ ತಿಳಿದ ಮಾಲೀಕರು ಬಸ್ಸಮ್ಮನವರ ಬೇವಿನ ಮರದ ಕೆಳಗೆ ಒಮ್ಮೆ ನಿಲ್ಲಿಸುತ್ತಾರೆ. ಸೋರಿಕೆ ಎಲ್ಲಿದೆ ಎಂದು ಹುಡುಕಿ ಕೊಡುವುದು ಅವರ ಕೆಲಸ. ಹುಡುಕಿದರೆ ಮುನ್ನೂರು ರೂಪಾಯಿ, ಸಿಗದಿದ್ದರೆ ಮಾಲೀಕರಿಗೆ ಚಹಾ ಬಸ್ಸಮ್ಮನವರದೇ.

ನಲವತ್ತೇಳರ ಬಸ್ಸಮ್ಮ ವಡಗೇರಾ ಕಡೆಯ ಹೊಳೆದಂಡೆಯ ಮೀನುಗಾರರ ಮನೆಯ ಮಗಳು. ತಂದೆ ಲಾರಿಯ ಟ್ಯೂಬಿಗೆ ಗಾಳಿ ತುಂಬಿಸಿ, ಅದರ ಮೇಲೆ ಕೂತು ನಡುಹೊಳೆಯಲ್ಲಿ ಬಲೆ ಬೀಸುತ್ತಿದ್ದರು. ಟ್ಯೂಬು ಸೋರಿದರೆ ತಂದೆ ಮುಳುಗಿದಂತೆ. ಅದನ್ನು ದಿನಾ ಬೆಳಗ್ಗೆ ಪರೀಕ್ಷಿಸುವುದು ಮನೆಯ ಹಿರಿಮಗಳಾದ ಬಸ್ಸಮ್ಮನವರ ಪಾಲಿಗೆ ಬಂದ ಕೆಲಸ. ಕೆನ್ನೆಗೆ ನೀರು ಹಚ್ಚಿಕೊಂಡು ಟ್ಯೂಬಿನ ಸುತ್ತ ಮುಖ ಆಡಿಸುವುದು. ಎಲ್ಲಿ ತಣ್ಣಗೆ ಚುಚ್ಚುತ್ತದೋ ಅಲ್ಲಿ ತೂತು. ಅನುಮಾನವಿದ್ದರೆ ಅಂಟುವಾಳದ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ನೋಡುವುದು. ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆವರೆಗೆ. ಕೆನ್ನೆ ಮತ್ತು ಕಿವಿಯ ಈ ವಿದ್ಯೆ ಮಾತ್ರ ಪೂರ್ತಿಯಾಯಿತು.

ಮದುವೆಯಾಗಿ ಶಹಾಪುರಕ್ಕೆ ಬಂದಾಗ ಮೌನಪ್ಪ ಇದೇ ಜಾಗದಲ್ಲಿ ಪಂಕ್ಚರ್ ಅಂಗಡಿ ನಡೆಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಲಾರಿಗೆ ಕೊಟ್ಟ ಜಾಕು ಜಾರಿ ಅವರ ಸೊಂಟಕ್ಕೆ ಪೆಟ್ಟಾಯಿತು. ಆರು ತಿಂಗಳು ಹಾಸಿಗೆ. ಅಂದಿನಿಂದ ಅವರು ಕೂತಲ್ಲೇ ಬೈಕು, ಸೈಕಲ್ಲಿನ ಟ್ಯೂಬು ನೋಡಿಕೊಂಡರೆ, ನೆಲಕ್ಕೆ ಬೆನ್ನು ಹಚ್ಚಿ ಮಾಡುವ ಕೆಲಸವೆಲ್ಲ ಬಸ್ಸಮ್ಮನವರದು. ಮೊದಮೊದಲು ಹೆಂಗಸು ಟ್ರ್ಯಾಕ್ಟರಿನ ಚಕ್ರ ಬಿಚ್ಚುವುದನ್ನು ನೋಡಲೆಂದೇ ಬಸ್ಸಿಗೆ ಕಾಯುವವರು ಇತ್ತ ತಿರುಗಿ ನಿಲ್ಲುತ್ತಿದ್ದರಂತೆ. “ನೋಡ್ಲಿ ಬಿಡ್ರಿ. ನೋಡಿದವ್ರೇ ನಾಳಿ ಪಂಕ್ಚರ್ ಆದಾಗ ಬರ್ತಾರ” ಎಂದು ಬಸ್ಸಮ್ಮ ಅದನ್ನು ಅಷ್ಟಕ್ಕೇ ಬಿಟ್ಟರು. ಹಾಗೆಯೇ ಬಂದರು ಕೂಡ. ಇವತ್ತಿಗೂ ದಿನಕ್ಕೆ ಹತ್ತು ಹನ್ನೆರಡು ಬೈಕು, ಬಿತ್ತನೆಯ ದಿನಗಳಲ್ಲಿ ಮೂರು ನಾಲ್ಕು ಟ್ರ್ಯಾಕ್ಟರು. ಮನೆ ನಡೆಯುವುದು ಅದರ ಮೇಲೆಯೇ.

ಮೊದಲ ಕುಂತ ಗಾಡಿ ಬಂದದ್ದು ಎಂಟು ವರ್ಷದ ಹಿಂದೆ. ಕಾಲುವೆ ಕೆಲಸ ನೋಡಲು ಹೊರಟಿದ್ದ ಗುತ್ತಿಗೆದಾರರೊಬ್ಬರ ಕಾರು ಅಂಗಡಿಯ ಎದುರಿಗೇ ಒಂದು ಪಕ್ಕಕ್ಕೆ ವಾಲಿತು. ಟೈರು ನೋಡಿದರೆ ಗಟ್ಟಿಯಾಗಿದೆ. ಪಂಕ್ಚರ್ ಇಲ್ಲದ ಗಾಡಿ ಕುಸಿಯುವುದನ್ನು ಬಸ್ಸಮ್ಮ ಅದೇ ಮೊದಲು ನೋಡಿದ್ದು. ಡ್ರೈವರು ಫೋನಿನಲ್ಲಿ ಮುಳುಗಿದ್ದಾಗ ಅವರು ಸುಮ್ಮನೆ ಕೆಳಗೆ ತೂರಿ, ಕೆನ್ನೆ ಒದ್ದೆ ಮಾಡಿಕೊಂಡು ಹುಡುಕಿದರು. ಗಾಳಿ ಚೀಲಕ್ಕೆ ಹೋಗುವ ಕೊಳವೆಯ ಜೋಡಣೆಯಲ್ಲಿ ತಣ್ಣಗೆ ಚುಚ್ಚಿತು. ಒಳಗಿನ ರಬ್ಬರ್ ಉಂಗುರ ಸವೆದಿತ್ತು. ಹೊಲಕ್ಕೆ ಕೀಟನಾಶಕದ ಎಣ್ಣೆ ಹೊಡೆಯುವ ಪಂಪಿನೊಳಗಿನ ಉಂಗುರ ಅದೇ ಅಳತೆಯದು. ಗೊಬ್ಬರದ ಅಂಗಡಿಯಿಂದ ಹದಿನೈದು ರೂಪಾಯಿಗೆ ತಂದು ಹಾಕಿದರು. ಕಾರು ಎದ್ದು ನಿಂತಿತು. ಗುತ್ತಿಗೆದಾರರು ಬಾಯಿ ತೆರೆದು ನಿಂತವರು ಐನೂರರ ನೋಟು ಕೊಟ್ಟು ಹೋದರು, ಊರೂರಿಗೆ ಹೇಳಿಯೂ ಹೇಳಿದರು.

ಇಷ್ಟು ದೊಡ್ಡ ಕಾರುಗಳು ಈ ಕಡೆ ಎಷ್ಟಿದ್ದಾವು ಎಂದು ಕೇಳಿದರೆ ಬಸ್ಸಮ್ಮ ನಗುತ್ತಾರೆ. ರಾಮಸಮುದ್ರದಲ್ಲಿ ಎರಡು, ವಡಗೇರಾದಲ್ಲಿ ಮೂರು, ಸುರಪುರದಲ್ಲಿ ಬೆರಳು ಸಾಲವು. ಹೊಸ ಸಣ್ಣ ಕಾರಿನ ರೊಕ್ಕಕ್ಕೆ ಹಳೆಯ ದೊಡ್ಡ ಕಾರು ಸಿಗುವಾಗ ಯಾರಿಗೆ ಆಸೆಯಾಗದು? ಮದುವೆ ಮನೆಯ ಮುಂದೆ ಇಳಿದರೆ ಬೀಗರು ಎದ್ದು ನಿಲ್ಲುತ್ತಾರೆ. ಒಳಗಿನ ಕಥೆ ಗೊತ್ತಿರುವುದು ಮಾಲೀಕನಿಗೆ ಮತ್ತು ಬಸ್ಸಮ್ಮನಿಗೆ. ಲೀಟರ್ ಡೀಸೆಲ್ಲಿಗೆ ಎಂಟು ಕಿಲೋಮೀಟರ್ ಓಡಿದರೆ ಪುಣ್ಯ. ಒಂದು ಟೈರಿಗೆ ಇಪ್ಪತ್ನಾಲ್ಕು ಸಾವಿರ, ಆಯಿಲ್ ಬದಲಿಸಲು ಇಪ್ಪತ್ತು ಸಾವಿರ, ಕೀಲಿಕೈ ಕಳೆದರೆ ನಲವತ್ತು ಸಾವಿರ. ಕೊಳ್ಳುವ ಮೊದಲೇ ಸಲಹೆ ಕೇಳಲು ಬರುವ ಜಾಣರಿಗೆ ಬಸ್ಸಮ್ಮ ಹೇಳುವ ಮಾತು ಒಂದೇ:

“ಗಾಡಿ ರೇಟ್ ಇಳದಿರ್ತದ್ರಿ, ಸಾಮಾನಿನ ರೇಟ್ ಇಳದಿರಂಗಿಲ್ಲ. ಹನ್ನೆರಡು ಲಕ್ಷಕ್ಕ ಕೊಂಡ್ರೂ ಅದು ಎಂಬತ್ತು ಲಕ್ಷದ ಗಾಡೀನ. ಮೂರು ಲಕ್ಷ ಬ್ಯಾರೆ ಎತ್ತಿಟ್ಟಿದ್ರ ತಗೋರಿ. ಇಲ್ಲಂದ್ರ ದೂರಿಂದ ನೋಡಿ ಖುಷಿಪಡ್ರಿ.”

ಈ ಮಾತು ಕೇಳಿ ಮುಖ ಸಣ್ಣದು ಮಾಡಿಕೊಂಡು ಹೋದವರಿದ್ದಾರೆ. ಆರು ತಿಂಗಳ ನಂತರ ಬಂದು ಕೈಮುಗಿದವರೂ ಇದ್ದಾರೆ.

ಸಂಗಣ್ಣ ಸಲಹೆ ಕೇಳದೆ ಕೊಂಡವರು. ಅವರದು ಆಡಂಬರದ ಆಸೆಯಾಗಿರಲಿಲ್ಲ. ತಾಯಿ ಗೊಲ್ಲಾಳಮ್ಮನವರ ಎರಡೂ ಮೊಣಕಾಲು ಸವೆದಿವೆ. ಜೀಪು, ಟೆಂಪೊ ಯಾವುದನ್ನೂ ಹತ್ತಲಾರರು. ಆದರೂ ತಿಂಗಳಿಗೊಮ್ಮೆ ತವರೂರು ವನದುರ್ಗಕ್ಕೆ ಹೋಗಿ ಬರಬೇಕು. ಈ ಕಾರಿನಲ್ಲಿ ಒಂದು ಗುಂಡಿ ಒತ್ತಿದರೆ ಚೀಲದ ಗಾಳಿ ಇಳಿದು ಇಡೀ ಕಾರು ಕೆಳಕ್ಕೆ ಬಗ್ಗುತ್ತದೆ, ಅವ್ವ ಆರಾಮಾಗಿ ಕೂತ ಮೇಲೆ ತಾನೇ ಏಳುತ್ತದೆ. ಅದನ್ನು ನೋಡಿಯೇ ಸಂಗಣ್ಣ ಕಳೆದ ವರ್ಷ ಯುಗಾದಿಗೆ ಹೈದರಾಬಾದಿನಿಂದ ಹದಿಮೂರು ಲಕ್ಷಕ್ಕೆ ತಂದರು. ಚೀಲ ತೆಗೆದು ಕಬ್ಬಿಣದ ಸ್ಪ್ರಿಂಗ್ ಹಾಕಿಸಿದರೆ ಖರ್ಚು ಉಳಿಯುತ್ತದೆ ಎಂದು ಹಲವರು ಹೇಳಿದ್ದುಂಟು. ಹಾಗೆ ಮಾಡಿದರೆ ಕಾರು ಬಗ್ಗುವುದಿಲ್ಲ, ಅವ್ವ ಮನೆಯಲ್ಲೇ ಉಳಿಯಬೇಕು.

ಕಳೆದ ಶ್ರಾವಣದ ಒಂದು ಮಧ್ಯಾಹ್ನ ಆ ಕಾರಿನ ಹಿಂದಿನ ಎಡಮೂಲೆ ಕುಂತಿತು. ಸಂಗಣ್ಣ ಸುರಪುರದಲ್ಲಿ ನಿಶ್ಚಿತಾರ್ಥಕ್ಕೆ ಹೊರಟಿದ್ದರು, ಒಂದೇ ಸಮನೆ ಗಡಿಯಾರ ನೋಡುತ್ತಿದ್ದರು. ಅಂಗಡಿಯಲ್ಲಿ ಎರಡು ಟ್ರ್ಯಾಕ್ಟರು ಬೇರೆ ಕಾದಿದ್ದವು. ಬಸ್ಸಮ್ಮ ಕೆಳಗೆ ಬಗ್ಗಿ ಕಿವಿಯಿಟ್ಟರು. ಸುಯ್ ಎಂದು ಗಾಳಿ ಹೋಗುವುದು ಸ್ಪಷ್ಟವಾಗಿ ಕೇಳಿತು. ಚೀಲ ಹೋಗಿದೆ, ಜೋಡಿ ಬದಲಿಸಬೇಕು ಎಂದು ಹೇಳಿಬಿಟ್ಟರು. ನೊರೆ ಹಚ್ಚಿ ನೋಡಲಿಲ್ಲ. ಎಂಟು ವರ್ಷದಲ್ಲಿ ನೊರೆ ಹಚ್ಚದೆ ಮಾತು ಕೊಟ್ಟದ್ದು ಅದೊಂದೇ ಸಲ.

ಸಂಗಣ್ಣ ಹೈದರಾಬಾದಿಗೆ ಒಯ್ದು ಒಂದು ಲಕ್ಷ ನಲವತ್ತಾರು ಸಾವಿರಕ್ಕೆ ಎರಡು ಹೊಸ ಚೀಲ ಹಾಕಿಸಿಕೊಂಡು ಬಂದರು. ಮೂರನೇ ಬೆಳಗ್ಗೆ ಕಾರು ಮತ್ತೆ ಕುಂತಿತ್ತು. ಹೈದರಾಬಾದಿನ ಗ್ಯಾರೇಜಿಗೆ ಫೋನು ಮಾಡಿದರೆ ಈಗ ಪಂಪು ಹೋಗಿರಬೇಕು, ಎಪ್ಪತ್ತು ಸಾವಿರ ಎಂದರಂತೆ. ಸಂಗಣ್ಣ ಕಾರನ್ನು ಹೇಗೋ ಬಸ್ಸಮ್ಮನವರ ಅಂಗಡಿಗೆ ತಂದು, ಡಿಕ್ಕಿಯಿಂದ ಹಳೆಯ ಚೀಲಗಳನ್ನು ತೆಗೆದು ಅವರ ಕಾಲ ಬಳಿ ಇಟ್ಟರು. ಬದಲಿಸಿದ ಸಾಮಾನನ್ನು ಅಲ್ಲೇ ಬಿಟ್ಟು ಬರುವ ರೂಢಿ ಈ ಕಡೆಯ ಮಾಲೀಕರಿಗಿಲ್ಲ. ಬಸ್ಸಮ್ಮ ಅವಕ್ಕೆ ಗಾಳಿ ತುಂಬಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಆಮೇಲೆ ಅವರು ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿದರು. ಈ ಸಲ ಕಿವಿಯನ್ನು ನಂಬದೆ ಕೈಯಿಂದ ಒಂದೊಂದೇ ಭಾಗ ಮುಟ್ಟುತ್ತಾ ಹೋದರು. ಎಡಚಕ್ರದ ಹಿಂದೆ, ಪೆನ್ನಿನಷ್ಟು ಸಪೂರವಾದ ಒಂದು ಕಡ್ಡಿಗೆ ಏನೋ ಗಂಟು ಗಂಟಾಗಿ ಸಿಕ್ಕಿತು. ಬೆಳಕು ಬಿಟ್ಟರೆ ನಿಂಬೆಹಣ್ಣು, ಮೆಣಸಿನಕಾಯಿ, ಇದ್ದಿಲು ಪೋಣಿಸಿದ ತಂತಿಯ ಸರ. ಒಂದಲ್ಲ, ನಾಲ್ಕು. ಮೂರು ಒಣಗಿ ಕಪ್ಪಾಗಿದ್ದವು, ಒಂದು ಇನ್ನೂ ಹಳದಿ ಇತ್ತು.

ಅಮಾವಾಸ್ಯೆಗೊಂದು ಸರ ಕಟ್ಟಬೇಕೆಂಬುದು ಗೊಲ್ಲಾಳಮ್ಮನವರ ಕಟ್ಟಪ್ಪಣೆ. ಅಂಥ ಕಾರಿನ ಮೂತಿಗೆ ಮೆಣಸಿನಕಾಯಿ ತೂಗುಬಿಡಲು ಸಂಗಣ್ಣನವರಿಗೆ ನಾಚಿಕೆ. ಅವ್ವನ ಮಾತೂ ನಡೆಯಲಿ, ಯಾರಿಗೂ ಕಾಣದಿರಲಿ ಎಂದು ಒಳಗೆ ಕೈಗೆ ಸಿಕ್ಕ ಕಡ್ಡಿಗೆ ಬಿಗಿಯಾಗಿ ಸುತ್ತುತ್ತಾ ಬಂದಿದ್ದರು. ತಂತಿಯ ತುದಿಯ ಹೊಸ ಇಕ್ಕಳದ ಗುರುತು ನೋಡಿದರೆ ಹೈದರಾಬಾದಿನವರೂ ಭಕ್ತಿಯಿಂದ ಅದನ್ನು ಬಿಚ್ಚಿ, ಚೀಲ ಹಾಕಿ, ಮತ್ತೆ ಇದ್ದಂತೆಯೇ ಕಟ್ಟಿ ಕಳಿಸಿದ್ದರು! ಯಾದಗಿರಿಯ ಆಟೊ ಎಲೆಕ್ಟ್ರಿಷಿಯನ್ ಅಜರುದ್ದೀನರಿಗೆ ಫೋನು ಹಚ್ಚಿದಾಗ ಒಗಟು ಒಡೆಯಿತು. ನೆಲದಿಂದ ಎಷ್ಟು ಎತ್ತರದಲ್ಲಿದ್ದೇನೆಂದು ಕಾರಿಗೆ ತಿಳಿಸುವುದೇ ಆ ಕಡ್ಡಿ. ತಂತಿ ಅದನ್ನು ಎಳೆದು ಹಿಡಿದಿದ್ದರಿಂದ, ತಾನು ಬಹಳ ಎತ್ತರಕ್ಕೆ ಎದ್ದಿದ್ದೇನೆಂದು ತಿಳಿದು ಕಾರು ತಾನೇ ಗಾಳಿ ಬಿಟ್ಟು ಕೂರುತ್ತಿತ್ತು. ಬಸ್ಸಮ್ಮನವರ ಕಿವಿ ಕೇಳಿದ್ದು ಸುಳ್ಳಲ್ಲ. ಗಾಳಿ ಹೋಗುತ್ತಿತ್ತು, ಆದರೆ ಅದು ಸೋರಿಕೆಯಾಗಿರಲಿಲ್ಲ.

ಸಂಗಣ್ಣ ಆಗ ಮರದ ಆಚೆ ಫೋನಿನಲ್ಲಿದ್ದರು. ಸುಮ್ಮನೆ ತಂತಿ ಕತ್ತರಿಸಿ ಬಿಸಾಡು, ಪಂಪಿನ ಜೋಡಣೆ ಸರಿ ಮಾಡಿದೆ ಅನ್ನು, ಎಪ್ಪತ್ತು ಸಾವಿರ ಉಳಿಸಿದ ಹೆಸರಾದರೂ ಬರುತ್ತದೆ ಎಂದು ಮೌನಪ್ಪ ಮೆಲ್ಲಗೆ ಹೇಳಿದರಂತೆ. ಹೇಳಿದ್ದು ನಿಜ ಎಂದು ಅವರು ಇವತ್ತು ತಲೆ ತಗ್ಗಿಸಿ ಒಪ್ಪುತ್ತಾರೆ. ಬಸ್ಸಮ್ಮ ಸಂಗಣ್ಣನವರನ್ನು ಕರೆದು, ಟಾರ್ಚು ಕೈಗೆ ಕೊಟ್ಟು, ಬಗ್ಗಿ ನೋಡಲು ಹೇಳಿದರು.

“ನಿಮ್ಮ ಚೀಲ ಚಲೋನ ಇದ್ವು ಸಾವಕಾರ್ರ. ಅವತ್ತು ನಾ ನೊರಿ ಹಚ್ಚಿ ನೋಡಲಿಲ್ಲ. ತಪ್ಪು ನಂದು.”

ಸಂಗಣ್ಣ ತಾವೇ ಕಟ್ಟಿದ ನಿಂಬೆಹಣ್ಣುಗಳನ್ನು ಬಹಳ ಹೊತ್ತು ನೋಡಿದರು. “ನಿನ್ನ ಒಂದು ಮಾತಿನ ಮ್ಯಾಲ ಒಂದೂವರಿ ಲಕ್ಷ ಸುರುವೀನಿ” ಎಂದಷ್ಟೇ ಹೇಳಿ ಹೊರಟರು. ಸಿಟ್ಟು ಎಷ್ಟಿತ್ತೋ, ನಾಚಿಕೆ ಎಷ್ಟಿತ್ತೋ, ಅವರಿಗೇ ಗೊತ್ತು. ಆದರೆ ಅವರು ಅಡತಿ ಅಂಗಡಿಯಲ್ಲಿ ಕೂತು ಹೇಳಿದ ಮಾತು ಸಂತೆಗೆ ಮುಟ್ಟಲು ಎಷ್ಟು ಹೊತ್ತು? ಬಸ್ಸಮ್ಮನ ಮಾತು ನಂಬಿ ಕೆಟ್ಟೆ ಎಂಬುದು ಬಾಯಿಂದ ಬಾಯಿಗೆ ಹೋಯಿತು. ತಿಂಗಳಿಗೆ ಎಂಟೊಂಬತ್ತು ಬರುತ್ತಿದ್ದ ಕುಂತ ಗಾಡಿಗಳು ಎರಡಕ್ಕಿಳಿದವು. ಬೈಕಿನ ಪಂಕ್ಚರು ಇದ್ದೇ ಇತ್ತು, ಊಟಕ್ಕೆ ಕುಂದಾಗಲಿಲ್ಲ. ಬಸ್ಸಮ್ಮನವರಿಗೆ ಚುಚ್ಚಿದ್ದು ಬೇರೆ. ತಮ್ಮ ಮಾತಿಗೆ ಬೆಲೆ ಇಲ್ಲದಂತಾದದ್ದು ಅವರಿಗೆ ಸಹಿಸಲಾಗಲಿಲ್ಲ. ಆ ಎರಡು ಹಳೆಯ ಚೀಲಗಳನ್ನು ಅಂಗಡಿಯ ಒಳಗೆ, ಕೂತರೆ ಎದುರಿಗೆ ಕಾಣುವಂತೆ, ಮೊಳೆಗೆ ನೇತುಹಾಕಿದ್ದಾರೆ.

ಅವತ್ತಿನಿಂದ ಅಂಗಡಿಯ ಪದ್ಧತಿಯೇ ಬದಲಾಗಿದೆ. ಎಷ್ಟೇ ಅವಸರದವರು ಬರಲಿ, ನೊರೆ ಹಚ್ಚದೆ ಬಾಯಿ ಬಿಡುವುದಿಲ್ಲ. ರಿಪೇರಿಯಾದ ಗಾಡಿ ಒಂದು ರಾತ್ರಿ ಅಲ್ಲೇ ನಿಲ್ಲಬೇಕು. ಅದಕ್ಕೆಂದೇ ಗೌಂಡಿಯನ್ನು ಕರೆಸಿ, ನೀರಿನ ಕೊಳವೆ ಹಿಡಿದು ಮಟ್ಟ ನೋಡಿ, ನಾಲ್ಕು ಶಹಾಬಾದ್ ಕಲ್ಲು ಹಾಸಿಸಿದ್ದಾರೆ. ಕಾರು ಪೂರ್ತಿ ಹಿಡಿಸುವಷ್ಟು ಹಾಸು ಆಗಲಿ ಎಂಬ ಆಸೆ ಇನ್ನೂ ಬಾಕಿ ಇದೆ. ಬೆಳಗ್ಗೆ ಮಾಲೀಕರು ಬಂದು ನಾಲ್ಕೂ ಮೂಲೆಗೆ ತಮ್ಮ ಕೈಯಿಂದಲೇ ಗೇಣು ಹಾಕಿ ನೋಡಿದ ಮೇಲೆಯೇ ಬಸ್ಸಮ್ಮ ರೊಕ್ಕ ಮುಟ್ಟುವುದು. ಇಸ್ತ್ರಿ ಮಾಡಿದ ಪ್ಯಾಂಟಿನ ಅಧಿಕಾರಿಗಳೂ ಇಲ್ಲಿ ಮಂಡಿಯೂರಿ ಅಳೆದಿದ್ದಾರೆ.

“ನನ್ನ ಮಾತು ಬ್ಯಾಡ್ರಿ, ನಿಮ್ಮ ಕೈ ನಂಬ್ರಿ ಅಂತೀನಿ. ಒಮ್ಮಿ ಮಾತು ಹೋದವಳು ನಾ.”

ಇನ್ನೊಂದು ಕೆಲಸವನ್ನು ಅವರು ಕೇಳದೆಯೇ, ಪುಕ್ಕಟೆ ಮಾಡಿಕೊಡುತ್ತಾರೆ. ಕಾರಿನ ಮುಂದಿನ ನಂಬರ್ ಪ್ಲೇಟಿನ ಹಿಂದೆ, ಯಾವ ಕಡ್ಡಿಗೂ ತಾಗದ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಸೈಕಲ್ ಚಕ್ರದ ಕಡ್ಡಿ ಬಗ್ಗಿಸಿ ಮಾಡಿದ ಒಂದು ಸಣ್ಣ ಕೊಂಡಿ. ನಿಂಬೆಹಣ್ಣಿನ ಸರಕ್ಕೆ. ಕಟ್ಟಬೇಡಿ ಎಂದು ಅವರು ಯಾರಿಗೂ ಹೇಳಿದ್ದಿಲ್ಲ. ಎಲ್ಲಿ ಕಟ್ಟಬೇಕೆಂದು ತೋರಿಸುತ್ತಾರೆ ಅಷ್ಟೆ. ಯಾದಗಿರಿಯಿಂದ ಸುರಪುರದವರೆಗೆ ಹಳೆಯ ದೊಡ್ಡ ಕಾರು ಕಂಡರೆ ನಂಬರ್ ಪ್ಲೇಟಿನ ಹಿಂದೆ ಬೆರಳಾಡಿಸಿ ನೋಡಿ. ಕೊಂಡಿ ಸಿಕ್ಕರೆ ಅದು ಬೇವಿನ ಮರದ ಕೆಳಗೆ ಒಂದು ರಾತ್ರಿ ನಿಂತು ಹೋದ ಗಾಡಿ.

ನಿನ್ನೆ ಸಂಜೆ ಸಂಗಣ್ಣನವರ ಕಾರು ಮುಂದಿನ ಬಲಮೂಲೆಗೆ ಕುಂತು ಬಂದಿತ್ತು. ಹೈದರಾಬಾದಿನವರು ಫೋಟೊ ನೋಡಿಯೇ ಮುಂದಿನ ಜೋಡಿ ಚೀಲ, ಒಂದು ಲಕ್ಷ ಅರವತ್ತು ಸಾವಿರ ಎಂದಿದ್ದರಂತೆ. ಬಸ್ಸಮ್ಮ ಎರಡು ತಾಸು ಕೆಳಗೆ ಮಲಗಿದ್ದರು. ಕೆನ್ನೆಗೆ ನೀರು, ಆಮೇಲೆ ಇಡೀ ಚೀಲಕ್ಕೆ, ಕೊಳವೆಗೆ, ಜೋಡಣೆಗೆ ನೊರೆ. ಕೊನೆಗೆ ಒಂದು ಜೋಡಣೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಅರವತ್ತು ರೂಪಾಯಿಯ ರಬ್ಬರ್ ಉಂಗುರ. ಈಗ ಅವರು ಹೊಲದ ಪಂಪಿನ ಉಂಗುರ ಹಾಕುವುದಿಲ್ಲ, ಕಾರಿನದೇ ತರಿಸಿಟ್ಟಿರುತ್ತಾರೆ. ಕತ್ತಲಾಗುವ ಮೊದಲು ಕೊಂಡಿಯನ್ನೂ ಹಾಕಿ ಮುಗಿಸಿದರು.

ಈಗ ಎಂಟು ಗಂಟೆ. ಇವತ್ತು ಮಣ್ಣೆತ್ತಿನ ಅಮಾವಾಸ್ಯೆ. ರಸ್ತೆಯಲ್ಲಿ ಮಣ್ಣಿನ ಎತ್ತು ಮಾರುವವರು ಬುಟ್ಟಿ ಹೊತ್ತು ಊರೊಳಗೆ ಹೋಗುತ್ತಿದ್ದಾರೆ. ಬಿಳಿ ಅಂಗಿ, ಹಣೆಗೆ ವಿಭೂತಿಯ ಸಂಗಣ್ಣ ಆಟೊದಿಂದ ಇಳಿಯುತ್ತಾರೆ, ಕೈಯಲ್ಲೊಂದು ಚೀಲ. ಬಸ್ಸಮ್ಮ ಎದ್ದು ನಿಂತು, ಏನಾಗಿತ್ತು, ಏನು ಹಾಕಿದೆ ಎಂದು ಎರಡೇ ಮಾತಿನಲ್ಲಿ ಹೇಳುತ್ತಾರೆ. ಸವೆದ ಹಳೆಯ ಉಂಗುರವನ್ನು ಅವರ ಅಂಗೈ ಮೇಲಿಡುತ್ತಾರೆ. ಆಮೇಲೆ ಪದ್ಧತಿಯಂತೆ ಚಕ್ರದ ಕಡೆ ಕೈ ತೋರಿಸುತ್ತಾರೆ.

“ಅಳೀರಿ ಸಾವಕಾರ್ರ. ನಾಕೂ ಮೂಲಿ ನಿಮ್ಮ ಕೈಲೆ ಅಳೀರಿ.”

ಸಂಗಣ್ಣ ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ. ಎಲ್ಲಿಯೂ ಬಗ್ಗುವುದಿಲ್ಲ. ಅಂಗಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಮೊಳೆಗೆ ನೇತಾಡುವ ಆ ಎರಡು ಚೀಲಗಳನ್ನು ನೋಡುತ್ತಾರೆ.

“ನೀ ಅಳದೀಯಿಲ್ಲೊ?” ಎನ್ನುತ್ತಾರೆ.

“ಅಳದೀನ್ರಿ.”

“ಮತ್ತ ಮುಗೀತಲ್ಲ.”

ಅವರು ಕೈಚೀಲಕ್ಕೆ ಕೈಹಾಕಿ ಒಂದು ಸರ ಹೊರತೆಗೆಯುತ್ತಾರೆ. ಹಳದಿ ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಒಂದು ಚೂರು ಇದ್ದಿಲು. ಅದನ್ನು ಬಸ್ಸಮ್ಮನವರ ಮುಂದೆ ಹಿಡಿಯುತ್ತಾರೆ. “ಬಸ್ಸಮ್ಮನ ಕೈಲೆ ಕಟ್ಟಿಸ್ಕೊಂಡು ಬಾ ಅಂದಾಳ ಅವ್ವ. ಆಮ್ಯಾಗ ವನದುರ್ಗಕ್ಕ ಹೋಗಬೇಕಂತ.”

ಬಸ್ಸಮ್ಮ ಕೈ ತೊಳೆದುಕೊಂಡು ಬರುತ್ತಾರೆ. ನಂಬರ್ ಪ್ಲೇಟಿನ ಹಿಂದೆ ಬೆರಳು ತೂರಿಸಿ, ಕೊಂಡಿ ಹುಡುಕಿ, ಸರ ಕಟ್ಟಲು ಅವರಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಹಿಡಿಯುತ್ತದೆ. ಎದ್ದಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಕಾರು ಕಲ್ಲುಗಳಿಂದ ಮೆಲ್ಲಗೆ ಇಳಿದು ಊರ ಕಡೆ ತಿರುಗುತ್ತದೆ. ನಾಲ್ಕೂ ಮೂಲೆ ಒಂದೇ ಮಟ್ಟ.

ಅಷ್ಟು ದೊಡ್ಡ ಗಾಡಿಯನ್ನು ಅರವತ್ತು ರೂಪಾಯಿಗೆ ನಿಲ್ಲಿಸಿದೆಯಲ್ಲ ಎಂದು ಮೌನಪ್ಪ ಹೆಮ್ಮೆಯಿಂದ ಹೇಳುತ್ತಾರೆ. ಬಸ್ಸಮ್ಮ ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ.

“ಗಾಡಿ ನಿಂತದ್ದು ದೊಡ್ಡದಲ್ಲ ಬಿಡ್ರಿ. ಸಾವಕಾರ್ರು ಅಳೀಲಿಲ್ಲ, ನೋಡಿದ್ರಿಲ್ಲೊ?”